ಕೊಡ್ಲಿ ಶಿವಲಿಂಗಪ್ಪನ ಗಾಯರಾಣ

ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಗೆ ಬಂದು ಶಿವಲಿಂಗಪ್ಪನ ಮನೆ ಯಾವುದು ಎಂದು ಕೇಳಿದರೆ, ಹಿಂದೆಲ್ಲ ಜನ ‘ಯಾವ ಶಿವಲಿಂಗಪ್ಪ?’ ಎಂದು ತಿರುಗಿ ಕೇಳುತ್ತಿದ್ದರು. ‘ಕೊಡ್ಲಿ ಶಿವಲಿಂಗಪ್ಪ’ ಎಂದ ಮೇಲೆಯೇ ಕೈ ಮಾಡಿ ತೋರಿಸುತ್ತಿದ್ದರು. ಆ ಹೆಸರು ಕೇಳಿದ ಹೊಸಬರು ಬಾಗಿಲು ಬಡಿಯಲು ಹಿಂದೆಮುಂದೆ ನೋಡಿದ್ದೂ ಉಂಟು. ಪಾಪ, ಅವನು ಯಾರ ಮೇಲೂ ಕೊಡಲಿ ಎತ್ತಿದವನಲ್ಲ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ಮಳೆಗಾಲ ಕಾಲಿಡುವ ಮುಂಚೆ ತಂತಿಗೆ ತಾಗುವ ಟೊಂಗೆಗಳನ್ನೆಲ್ಲ ಕಡಿಯುವುದು ಅವನ ನೌಕರಿಯ ಭಾಗವಾಗಿತ್ತು.

ನಮ್ಮ ಜನಕ್ಕೆ ಕರೆಂಟೂ ಬೇಕು, ಗಿಡವೂ ಬೇಕು. ಟೊಂಗೆ ಕಡಿದ ದಿನ ಅವನನ್ನು ಬೈಯುತ್ತಿದ್ದರು. ಗಾಳಿಗೆ ಟೊಂಗೆ ಬಿದ್ದು ಕರೆಂಟು ಹೋದ ದಿನ, ಮೊದಲೇ ಯಾಕೆ ಕಡಿಯಲಿಲ್ಲ ಎಂದು ಮತ್ತೆ ಅವನನ್ನೇ ಬೈಯುತ್ತಿದ್ದರು. ಶಿವಲಿಂಗಪ್ಪ ಎರಡನ್ನೂ ಕೇಳಿಸಿಕೊಂಡು ಮುಂದಿನ ಕಂಬಕ್ಕೆ ಹೋಗುತ್ತಿದ್ದ. ಅವನನ್ನು ನಿಜಕ್ಕೂ ಚುಚ್ಚಿದವರು ಬೈದವರಲ್ಲ, ಬೈಯದೇ ಇದ್ದ ಒಬ್ಬ ಮುದುಕಿ.

ಅದೇ ಓಣಿಯ ಸಾವಿತ್ರೀಬಾಯಿ ಎಂಬ ಆಚಾರವಂತ ಅಜ್ಜಿ ದಿನವೂ ಮಧ್ಯಾಹ್ನ ತಮ್ಮ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತು ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಹೊಸ ಲೈನು ಬಂದಾಗ ಶಿವಲಿಂಗಪ್ಪ ಆ ಬೇವಿನ ತಲೆಯನ್ನೇ ಇಳಿಸಬೇಕಾಯಿತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಮರುದಿನ ಅದೇ ಜಾಗದಲ್ಲಿ, ಬೋಳು ಬುಡದ ಪಕ್ಕದಲ್ಲಿ, ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದು ಕೈಯಲ್ಲಿ ಬತ್ತಿ ಹೊಸೆಯಲು ಹೆಣಗುತ್ತಿದ್ದರು. ಸೈಕಲ್ ಮೇಲೆ ಹೊರಟಿದ್ದ ಶಿವಲಿಂಗಪ್ಪ ಅದನ್ನು ನೋಡಿ ಆ ದಾರಿಯನ್ನೇ ಬಿಟ್ಟ. ಮುಂದೆ ಎಷ್ಟೋ ವರ್ಷ ಸುತ್ತು ಹಾಕಿಕೊಂಡೇ ಕೆಲಸಕ್ಕೆ ಹೋದ. ಕೊಡ್ಲಿ ಎಂಬ ಹೆಸರು ಜನ ಇಟ್ಟದ್ದಾದರೂ ಅದು ತನಗೆ ತಕ್ಕದ್ದೇ ಎಂದು ಅಂದಿನಿಂದ ಅವನೇ ನಂಬಿಬಿಟ್ಟ.

ಇಂಥವನಿಗೆ ನೌಕರಿಯಲ್ಲಿ ಒಂದೇ ಒಂದು ಸುಖವಿತ್ತು. ಅವನ ಹುಟ್ಟೂರು ಮಹಾಗಾಂವ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಅಲ್ಲಿಯ ಲೈನಿನ ಕೆಲಸ ಅವನ ಪಾಲಿಗೆ ಬರುತ್ತಿತ್ತು. ಊರಾಚೆ ಅಣ್ಣ ದೇವೀಂದ್ರಪ್ಪನ ಹೊಲ, ಹೊಲಕ್ಕೆ ಹತ್ತಿದಂತೆ ಊರಿನ ಗಾಯರಾಣ. ದನ ಕುರಿ ಮೇಯಲೆಂದು ನಿಜಾಮರ ಕಾಲದಿಂದ ಬಿಟ್ಟ ಬಯಲಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕಾಗದಪತ್ರದಲ್ಲಿ ಅದು ಪಾಳು ಜಮೀನು. ಕರಿಮಣ್ಣು ಮುಗಿದು ಕಲ್ಲು ನೆಲ ಶುರುವಾಗುವ ಏರು ಅದು. ಜೋಳ ಬಿತ್ತಿದರೆ ಬೆಳೆಯುವುದಿಲ್ಲ, ಹುಲ್ಲು ಮಾತ್ರ ಯಾರನ್ನೂ ಕೇಳದೆ ಮೊಣಕಾಲುದ್ದ ಬೆಳೆಯುತ್ತದೆ. ದೀಪಾವಳಿ ಕಳೆದ ಮೇಲೆ ಆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಬುರ್ಲಿ ಹಕ್ಕಿ, ಗೌಜಲಕ್ಕಿ, ಮೊಲ, ಒಮ್ಮೊಮ್ಮೆ ಚಿಗರಿಯ ಹಿಂಡು ಅಲ್ಲಿ ಸಂಸಾರ ಹೂಡಿರುತ್ತವೆ.

ಆ ಬಯಲಿನ ಅಂಚಿನ ಕಂಬ ಹತ್ತಿದಾಗಲೇ ಶಿವಲಿಂಗಪ್ಪ ಬೇರೆಯೇ ಒಂದು ಬಗೆಯ ಹಕ್ಕಿಗಳನ್ನು ಕಂಡದ್ದು. ಚಳಿಗಾಲದ ಸಂಜೆ, ಹೊತ್ತು ಮುಳುಗುವ ಮುಂಚೆ, ನಾಲ್ಕೂ ದಿಕ್ಕಿನಿಂದ ಒಂದೊಂದೇ ಹದ್ದಿನಂಥ ಹಕ್ಕಿ ತೊಗರಿ ಹೊಲಗಳ ಮೇಲೆ ತೀರ ಕೆಳಗೆ ತೇಲುತ್ತ ಬರುತ್ತಿತ್ತು. ಕೆಲವು ಬೂದಿ ಬಣ್ಣದವು, ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿದಂತೆ ಕಪ್ಪು. ಕೆಲವು ಕಂದು ಬಣ್ಣದವು, ಬಾಲದ ಬುಡಕ್ಕೆ ಬಿಳಿ ಪಟ್ಟಿ. ಗಾಯರಾಣದ ಮೇಲೆ ಬಂದು ಸುತ್ತು ಹಾಕಿ ಹಾಕಿ, ಒಂದೊಂದಾಗಿ ಹುಲ್ಲಿನೊಳಗೆ ಇಳಿದು ಮಾಯವಾಗುತ್ತಿದ್ದವು. ಕತ್ತಲಾಗುವ ಹೊತ್ತಿಗೆ ಬಯಲು ಬರೀ ಬಯಲು. ಅಷ್ಟೊಂದು ಹಕ್ಕಿ ಅದರ ಮಡಿಲಲ್ಲಿ ಮಲಗಿವೆ ಎಂದರೆ ನೆಲದ ಮೇಲೆ ನಿಂತವರು ನಂಬುತ್ತಿರಲಿಲ್ಲ.

“ಭಾಯ್, ಕೆಳಗ ಇಳೀರಿ, ಚಾ ಆರಾಕತ್ತದ,” ಎಂದು ಕಂಬದ ಬುಡದಿಂದ ಇನಾಯತ್ ಕೂಗುತ್ತಿದ್ದ. ಕಮಲಾಪುರದ ಇನಾಯತ್ ಅವನ ಜತೆಗಾರ; ಕೆಳಗೆ ನಿಂತು ಹಗ್ಗ ಹಿಡಿಯುವವನು.

“ತಡಿಯೋ, ಇನ್ನಾ ಬರಾಕತ್ತಾವ,” ಎನ್ನುತ್ತಿದ್ದ ಶಿವಲಿಂಗಪ್ಪ.

ಬೂದಿಯದು ಒಂದು ಜಾತಿ, ಕಂದಿನದು ಇನ್ನೊಂದು ಜಾತಿ ಎಂದು ಅವನ ಲೆಕ್ಕ. ಓಣಿಯಲ್ಲಿ ಜಗಳವಾದಾಗಲೆಲ್ಲ, ಎರಡು ಜಾತಿ ಹಕ್ಕಿ ಒಂದೇ ಹಾಸಿಗೆಯಲ್ಲಿ ಮಲಗುತ್ತವೆ, ನಿಮಗೇನಾಗಿದೆ ರೋಗ ಎಂದು ಉಪದೇಶ ಮಾಡುತ್ತಿದ್ದ. ಆಮೇಲೆ ಗೊತ್ತಾಯಿತು, ಬೂದಿಯದು ಗಂಡು, ಕಂದಿನದು ಹೆಣ್ಣು! ಹೆಂಡತಿ ಭುವನೇಶ್ವರಿ ಅದನ್ನು ಹೇಳಿಕೊಂಡು ಇವತ್ತಿಗೂ ನಗುತ್ತಾಳೆ.

ನೌಕರಿ ಮುಗಿಯಿತು. ನಿವೃತ್ತನಾದ ಮರುವಾರವೇ ಶಿವಲಿಂಗಪ್ಪ ಒಂದು ಬೇವಿನ ಸಸಿ ತಂದು ಸಾವಿತ್ರೀಬಾಯಿಯವರ ಮನೆ ಮುಂದೆ ನೆಟ್ಟ. ಅಜ್ಜಿ ಆಗ ತೀರಿಹೋಗಿದ್ದರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮೊಮ್ಮಗಳು ಶುಭಾ ಹೊರಗೆ ಬಂದು, ಏನೂ ಕೇಳದೆ, ಒಂದು ಬಕೆಟ್ ನೀರು ತಂದು ಕೊಟ್ಟಳು. ಅವತ್ತಿನಿಂದ ಅವನಿಗೆ ಹುಚ್ಚೇ ಹಿಡಿಯಿತು. ಗುಡಿಯ ಸುತ್ತ ನೆಟ್ಟ, ರೋಜಾ ಬಡಾವಣೆಯಲ್ಲಿ ದರ್ಗಾದ ಉರುಸಿಗೆ ಬರುವವರು ಇಳಿಯುವ ಲಾಡ್ಜುಗಳ ಮುಂದೆ ನೆಟ್ಟ, ಕಮಲಾಪುರದ ರಸ್ತೆಯ ಪಕ್ಕಕ್ಕೆ ನೆಟ್ಟ. ನೆಟ್ಟದ್ದಕ್ಕೆ ನೀರು ಹಾಕಿದ, ಬೇಲಿ ಕಟ್ಟಿದ, ಆಡು ಓಡಿಸಿದ. ಒಂದು ಶಾಲೆಯವರು ಕರೆದು ಶಾಲು ಹೊದಿಸಿದರು. ನಿಧಾನಕ್ಕೆ ಓಣಿಯ ಬಾಯಲ್ಲಿ ‘ಕೊಡ್ಲಿ’ ಹೋಗಿ ‘ಗಿಡದ ಕಾಕಾ’ ಬಂತು. ಆ ಹೆಸರನ್ನು ಮೊದಲ ಸಲ ಕೇಳಿದ ದಿನ ಅವನು ಮನೆಗೆ ಬಂದು ಹೆಂಡತಿಯೆದುರು ಕುಳಿತು ಕಣ್ಣೀರು ಹಾಕಿದ. ಜೀವಮಾನವಿಡೀ ಹೊತ್ತ ಒಂದು ಭಾರ ಇಳಿಯಿತು ಎಂದುಕೊಂಡ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನಿಗೆ ಗಾಯರಾಣದ ಹಕ್ಕಿಗಳು ನೆನಪಾದವು. ಎಲ್ಲಿಂದಲೋ ಬಂದ ಅತಿಥಿಗಳು, ಕೂಡಲು ಒಂದು ಗಿಡವಿಲ್ಲದೆ ಬರೀ ನೆಲದ ಮೇಲೆ ಮಲಗುತ್ತವಲ್ಲ! ತನ್ನಂಥವರು ಕಡಿದು ಕಡಿದು ಅವಕ್ಕೆ ಈ ಗತಿ ಬಂತು ಎಂದು ಕೊರಗಿದ. ಆ ಬಯಲಿನಲ್ಲಿ ಅವನ ಅಜ್ಜನ ಕಾಲದಲ್ಲೂ ಗಿಡ ಇರಲಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ತಪ್ಪು ಮಾಡಿದೆನೆಂದು ಕೊರಗುವವನ ಕಣ್ಣಿಗೆ ಎಲ್ಲ ಕಡೆಯೂ ತನ್ನ ತಪ್ಪೇ ಕಾಣುತ್ತದೆ. ಪಂಚಾಯಿತಿಗೆ ಹೋಗಿ ಗಾಯರಾಣದಲ್ಲಿ ವನ ಮಾಡುತ್ತೇನೆಂದ. ಪಾಳು ಜಮೀನು ಹಸಿರಾಗುತ್ತದೆಂದರೆ ಯಾರು ಬೇಡವೆನ್ನುತ್ತಾರೆ? ಒಪ್ಪಿದರು, ಫೋಟೋ ತೆಗೆಸಿಕೊಂಡರು.

ಬೇಗ ಎದ್ದು ನಿಲ್ಲಲಿ ಎಂದು ಸುಬಾಬುಲ್ ಹೆಚ್ಚು ನೆಟ್ಟ. ನಡುವೆ ಬೇವು, ಹೊಂಗೆ. ಬೇಸಿಗೆಯಲ್ಲಿ ನೀರು ಹಾಕಿದವನು ಅಣ್ಣ ದೇವೀಂದ್ರಪ್ಪ. ತನ್ನ ಹೊಲದ ಬಾವಿಯ ನೀರನ್ನು ಬಂಡಿಯಲ್ಲಿ ಹೇರಿ, ಎತ್ತುಗಳ ಜೊತೆ ತಾನೂ ಬೆವರಿ, ಪ್ರತಿ ಬುಡಕ್ಕೂ ಹಾಕಿದ. ದೇವೀಂದ್ರಪ್ಪ ಮಾತು ಕಡಿಮೆಯ ಮನುಷ್ಯ. ತಮ್ಮನನ್ನು ಊರಲ್ಲಿ ಯಾರಾದರೂ ಕೊಡ್ಲಿ ಎಂದರೆ ಮಾತ್ರ ಜಗಳಕ್ಕೆ ನಿಲ್ಲುತ್ತಿದ್ದ; ಒಮ್ಮೆ ಕಿರಾಣಿ ಅಂಗಡಿಯ ಮುಂದೆ ಒಬ್ಬನ ಕಾಲರು ಹಿಡಿದಿದ್ದ. ಅವನ ಬಾಯಿಂದ ಆ ಹೆಸರು ಎಂದೂ ಬಂದಿರಲಿಲ್ಲ.

ಮೂರು ಮಳೆಗಾಲ ಕಳೆದವು. ಸುಬಾಬುಲ್ ಆಳೆತ್ತರ ಮೀರಿ ಬೆಳೆಯಿತು. ಶಿವಲಿಂಗಪ್ಪನ ಸಂಭ್ರಮ ಹೇಳತೀರದು. ಒಂದೇ ಒಂದು ವಿಷಯ ಅವನ ಮನಸ್ಸಿನಲ್ಲಿ ಕಲ್ಲಿನಂತೆ ಕೂತಿತ್ತು. ಮೊದಲ ಚಳಿಗಾಲ ಹಕ್ಕಿಗಳು ಕಡಿಮೆ ಬಂದವು. ಎರಡನೆಯ ಚಳಿಗಾಲ ಬೆರಳೆಣಿಕೆಯಷ್ಟು ಬಂದವು. ಅವನು ಮೊಬೈಲ್ ಟವರನ್ನು ಬೈದ, ತೊಗರಿಗೆ ಹೊಡೆಯುವ ಔಷಧವನ್ನು ಬೈದ, ಕಾಲ ಕೆಟ್ಟಿತೆಂದ. ತನ್ನ ಗಿಡಗಳ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಗಿಡ ನೆಟ್ಟು ಯಾರಿಗಾದರೂ ಕೆಟ್ಟದ್ದಾಗುತ್ತದೆಯೇ?

ಮೂರನೆಯ ಚಳಿಗಾಲದ ಎಳ್ಳಮವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಆ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಊಟಕ್ಕೆ ಮೊದಲು ಚರಗ ಚೆಲ್ಲಬೇಕು. ಒಬ್ಬನು ಬುಟ್ಟಿಯಲ್ಲಿ ಎಲ್ಲ ಅಡುಗೆ ಕಲಸಿಟ್ಟುಕೊಂಡು, “ಹುಲಿಗ್ಯೋ…” ಎಂದು ಕೂಗುತ್ತ ಹೊಲದ ತುಂಬ ಎರಚುತ್ತ ಹೋಗುತ್ತಾನೆ. ಹಿಂದೆ ಇನ್ನೊಬ್ಬನು ತಂಬಿಗೆಯ ನೀರು ಚಿಮುಕಿಸುತ್ತ, “ಚಲ್ಲಂಬರಿಗ್ಯೋ…” ಎಂದು ಓಗೊಡುತ್ತಾನೆ. ಭೂಮಿತಾಯಿಗೆ, ಹುಳುಹುಪ್ಪಡಿಗೆ, ಹಕ್ಕಿಪಕ್ಕಿಗೆ ಎಲ್ಲರಿಗೂ ಅದರಲ್ಲಿ ಪಾಲಿದೆ. ಈ ಮನೆಯಲ್ಲಿ ತಂದೆ ಹೋದಾಗಿನಿಂದ ದೇವೀಂದ್ರಪ್ಪ ಮುಂದೆ, ಶಿವಲಿಂಗಪ್ಪ ಹಿಂದೆ. ಬುಟ್ಟಿಯ ಕೊನೆಯ ಹಿಡಿಯನ್ನು ಬದುವಿನಲ್ಲಿ ನಿಂತು ಗಾಯರಾಣದ ಕಡೆ ಎರಚುವುದು ಮನೆಯ ಪದ್ಧತಿ.

ಆ ವರ್ಷ ಊಟ ಮುಗಿದು ಎಲ್ಲರೂ ಹೊರಟರೂ ಶಿವಲಿಂಗಪ್ಪ ಉಳಿದ. ಹಬ್ಬದ ಊಟಕ್ಕೆ ಬಂದಿದ್ದ ಇನಾಯತನನ್ನೂ ಉಳಿಸಿಕೊಂಡ. ಇನಾಯತ್ ಈಗ ಕಮಲಾಪುರದ ಕೆಮ್ಮಣ್ಣಿನಲ್ಲಿ ಕೆಂಬಾಳೆಯ ತೋಟ ಮಾಡಿಕೊಂಡಿದ್ದ. ಇಬ್ಬರೂ ವನದ ನಡುವೆ ಕುಳಿತು ಕಾದರು. ಹೊತ್ತು ಇಳಿಯಿತು. ದೂರದಲ್ಲಿ ಒಂದು ಬೂದಿ ರೆಕ್ಕೆ ಕಂಡಿತು, ಹಿಂದೆ ಇನ್ನೊಂದು, ಮತ್ತೆರಡು ಕಂದು.

“ಬಂದ್ವು! ಬಂದ್ವು ನೋಡೋ ಇನಾಯತ್!” ಶಿವಲಿಂಗಪ್ಪ ಮಕ್ಕಳ ಹಾಗೆ ಎದ್ದುನಿಂತ.

ಹಕ್ಕಿಗಳು ಬಂದವು, ಗಿಡಗಳ ನೆತ್ತಿಯ ಮೇಲೆ ಸುತ್ತಿದವು. ಇಳಿಯುವಂತೆ ಕಾಲು ಚಾಚಿದ ಒಂದು ಹಕ್ಕಿ ಮತ್ತೆ ಮೇಲೆದ್ದಿತು. ಇನ್ನೊಂದು ಸುತ್ತು. ಇನ್ನೂ ಒಂದು. ಕೊನೆಗೆ ಎಲ್ಲವೂ ಕಮಲಾಪುರದ ದಾರಿಯ ಕಡೆ ತಿರುಗಿ ಹೊರಟುಹೋದವು.

“ಗಾಡಿ ತಗಿ,” ಎಂದ ಶಿವಲಿಂಗಪ್ಪ.

ಇನಾಯತನ ಬೈಕಿನಲ್ಲಿ ಬೆನ್ನು ಹತ್ತಿದರು. ಹೆದ್ದಾರಿಯ ಪಕ್ಕದಲ್ಲಿ ಯಾರೋ ಸೈಟು ಮಾಡಲೆಂದು ಕಲ್ಲು ನೆಟ್ಟು ಬಿಟ್ಟ ಹುಲ್ಲಿನ ತುಂಡು ನೆಲವೊಂದಿತ್ತು. ಹಕ್ಕಿಗಳು ಅಲ್ಲಿ ಇಳಿಯುತ್ತಿದ್ದವು. ಲಾರಿಗಳ ಹಾರ್ನ್ ಸದ್ದು, ಬೆಳಕು. ಎರಡು ಬೀದಿನಾಯಿಗಳು ಅಟ್ಟಿಸಿಕೊಂಡು ಬಂದಾಗ ಎಲ್ಲವೂ ಎದ್ದವು, ಮತ್ತೆ ಸುತ್ತಿದವು, ಮತ್ತೆ ಅಲ್ಲೇ ನೆಲಕ್ಕೆ ಇಳಿದವು. ಆ ನೆಲದ ಅಂಚಿಗೆ ಸಾಲಾಗಿ ಬೇವಿನ ಗಿಡಗಳು ನಿಂತಿದ್ದವು. ಶಿವಲಿಂಗಪ್ಪನೇ ನೆಟ್ಟವು, ದಟ್ಟವಾಗಿ, ಎತ್ತರವಾಗಿ ಬೆಳೆದಿದ್ದವು. ಒಂದು ಹಕ್ಕಿಯೂ ಅವುಗಳ ಕಡೆ ತಿರುಗಿ ನೋಡಲಿಲ್ಲ.

ಶಿವಲಿಂಗಪ್ಪ ಬೈಕಿನಿಂದ ಇಳಿದವನು ರಸ್ತೆಯ ಪಕ್ಕದಲ್ಲಿ ಕುಕ್ಕರಿಸಿದ. “ಗಿಡ ಬಾಜೂಕೇ ಅದಾವಲ್ಲೋ,” ಎಂದ. “ನಾಯಿ ಕಡಿಯಾಕ ಬಂದ್ರೂ ನೆಲದಾಗೇ ಕುಂಡ್ರತಾವಲ್ಲೋ. ಅವಕ್ಕ ಗಿಡ ಬೇಕಾಗೇ ಇಲ್ಲ.”

ಇನಾಯತ್ ಬೈಕು ನಿಲ್ಲಿಸಿ ಬಂದು ಪಕ್ಕದಲ್ಲಿ ಕುಳಿತ. “ಮುಂದಿನ ವರ್ಷ ಇಲ್ಲೂ ಮನಿ ಏಳ್ತಾವ ಭಾಯ್. ಆಮ್ಯಾಲ ಎಲ್ಲಿ ಹೋಗ್ತಾವೋ ಅಲ್ಲಾಗೇ ಗೊತ್ತು,” ಎಂದ. ಸಮಾಧಾನ ಹೇಳಲು ಹೋಗಿ ಇದ್ದ ಸಂಕಟವನ್ನೂ ಹೆಚ್ಚು ಮಾಡಿದ.

ಮರುದಿನ ಬೆಳಿಗ್ಗೆ ಶಿವಲಿಂಗಪ್ಪ ಶುಭಾಳ ಮನೆಗೆ ಹೋದ. ಅವಳು ಪುಸ್ತಕದಲ್ಲಿ ಚಿತ್ರ ತೋರಿಸಿದಳು. ಸೆಳೆವ ಎಂದು ಹೆಸರು. ಗಂಡು ಹೆಣ್ಣಿನ ಗುಟ್ಟು ಬಯಲಾದದ್ದೂ ಆವತ್ತೇ. ಹಿಮಾಲಯದಾಚೆ ಮೈಲಿಗಟ್ಟಲೆ ಹುಲ್ಲಷ್ಟೇ ಇರುವ ನಾಡಿನಿಂದ ಬರುತ್ತವೆ, ಗೂಡು ಕಟ್ಟುವುದೂ ಹುಲ್ಲಿನಲ್ಲೇ, ಮಲಗುವುದೂ ಹುಲ್ಲಿನಲ್ಲೇ ಎಂದಳು.

“ಅಂದ್ರ ನಾ ಅವುಗಳ ಹಾಸಿಗ್ಯಾಗ ಕಂಬ ನೆಟ್ಟೆ,” ಎಂದ ಶಿವಲಿಂಗಪ್ಪ.

“ಕಾಕಾ, ನೀವು ಬೇಕಂತ ಮಾಡ್ಲಿಲ್ಲಲ್ರಿ,” ಎಂದಳು ಶುಭಾ. “ನಮ್ಮ ಮನಿ ಮುಂದಿನ ಬೇವು ನೋಡ್ರಿ. ಅಜ್ಜಿ ಇದ್ದಿದ್ರ ಎಷ್ಟು ಖುಷಿ ಪಡ್ತಿದ್ರು. ಗಿಡ ಎಲ್ಲಿ ಬೇಕೋ ಅಲ್ಲಿ ಬೇಕೇ ಬೇಕು. ಗಾಯರಾಣಕ್ಕ ಬ್ಯಾಡ, ಅಷ್ಟೇ.”

ಹೊರಗೆ ಬಂದು ಆ ಬೇವಿನ ನೆರಳಲ್ಲಿ ಅವನು ಬಹಳ ಹೊತ್ತು ನಿಂತ. ಮಾಡಬೇಕಾದದ್ದು ಏನೆಂದು ಅವನಿಗೆ ತಿಳಿದಿತ್ತು. ಕೊಡಲಿ ಹಿಡಿಯಬೇಕು. ಹಿಡಿದರೆ ಆ ಹೆಸರು ಮತ್ತೆ ಬರುತ್ತದೆ. ಈ ಸಲ ಇಲಾಖೆ ಹೇಳಿತ್ತು ಎನ್ನಲೂ ಬರುವುದಿಲ್ಲ. ಹಿಡಿಯದಿದ್ದರೆ ಗಿಡದ ಕಾಕಾ ಆಗಿಯೇ ಸಾಯಬಹುದು, ಹಕ್ಕಿಗಳು ಹೆದ್ದಾರಿಯ ಪಕ್ಕ ನಾಯಿಗಳ ಬಾಯಿಗೆ ಬೀಳಬಹುದು. ಅವನಿಗೆ ಅನ್ನ ಸೇರಲಿಲ್ಲ.

ಭುವನೇಶ್ವರಿ ಎರಡು ದಿನ ನೋಡಿದಳು, ಮೂರನೆಯ ದಿನ ತಟ್ಟೆ ಸರಿಸಿ ಎದುರಿಗೆ ಕುಳಿತಳು. ಅವನ ಬಾಯಿಂದ ಎಲ್ಲವನ್ನೂ ಕೇಳಿಸಿಕೊಂಡಳು. ‘ಕೊಡ್ಲಿಯ ಹೆಂಡತಿ’ ಎನಿಸಿಕೊಂಡು ನಲ್ಲಿಯ ಸಾಲಿನಲ್ಲಿ ನಿಂತವಳು ಅವಳು. ಹೊಸ ಹೆಸರು ಬಂದಾಗ ಗಂಡನಿಗಿಂತ ಹೆಚ್ಚು ಹಿಗ್ಗಿದ್ದಳು.

“ಚರಗ ಚೆಲ್ಲಿದ ಮ್ಯಾಲ ಅದು ಯಾರದ್ರಿ?” ಎಂದು ಕೇಳಿದಳು.

“ಯಾರ್ದಂದ್ರ? ತಿಂದವರ್ದು.”

“ಹೌದಿಲ್ಲೋ? ಗುಬ್ಬಿಗಿ ಹ್ವಾತೋ ಇರಿವಿಗಿ ಹ್ವಾತೋ ಅಂತ ಹಿಂದ ತಿರುಗಿ ನೋಡಂಗಿಲ್ಲ ನಾವು. ಗಿಡ ಹಕ್ಕಿ ಸಲುವಾಗಿ ಹಚ್ಚೀನಿ ಅಂತೀರಿ. ಹಕ್ಕಿಗಿ ಬ್ಯಾಡಾಗ್ಯಾದ. ಇನ್ನ ಯಾರ ಸಲುವಾಗಿ ಇಟ್ಟೀರಿ? ನಿಮ್ಮ ಹೆಸರಿನ ಸಲುವಾಗಿ ಇಟ್ರ ಅದು ಚರಗ ಹೆಂಗಾಗ್ತದ?”

ಶಿವಲಿಂಗಪ್ಪ ತಟ್ಟೆ ಎಳೆದುಕೊಂಡು ಉಣ್ಣತೊಡಗಿದ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಪಂಚಾಯಿತಿಯಲ್ಲಿ ನಗೆಯೋ ನಗೆ. “ಗಿಡ ಹಚ್ತೀನಿ ಅಂತ ಬಂದವ್ರನ್ನ ನೋಡೀನಿ, ಕದ್ದು ಕಡದವ್ರನ್ನೂ ನೋಡೀನಿ. ಹಚ್ಚಿದವನೇ ಬಂದು ಕಡೀತೀನಿ ಅನ್ನೋದು ಇವತ್ತೇ ನೋಡಾಕತ್ತೀನಿ,” ಎಂದ ಒಬ್ಬ ಸದಸ್ಯ. ಆದರೆ ಕುರಿ ಕಾಯುವವರು ಶಿವಲಿಂಗಪ್ಪನ ಪರ ನಿಂತರು. ವನಕ್ಕೆ ಬೇಲಿ ಹಾಕಿದಾಗಿನಿಂದ ಅವರಿಗೆ ಮೇವಿನ ನೆಲ ಹೋಗಿತ್ತು. ಗಿಡದ ಕಾಕಾನಿಗೆ ಎದುರಾಡುವುದು ಹೇಗೆಂದು ಬಾಯಿ ಮುಚ್ಚಿಕೊಂಡಿದ್ದರಂತೆ. ಇದು ಕೇಳಿ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಕೊನೆಗೆ ಒಪ್ಪಿಗೆ ಸಿಕ್ಕಿತು.

ಸಿಗದೇ ಹೋದದ್ದು ಅಣ್ಣನ ಒಪ್ಪಿಗೆ. ದೇವೀಂದ್ರಪ್ಪ ಕೊಟ್ಟಿಗೆಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ. ತಮ್ಮ ಹೇಳಿದ್ದನ್ನೆಲ್ಲ ಬೆನ್ನು ತಿರುಗಿಸಿಯೇ ಕೇಳಿದ.

“ಎರಡು ಬ್ಯಾಸಗಿ ನೀರು ಹೇರೇನಿ,” ಎಂದ ಆಮೇಲೆ. “ನನ್ನ ತೊಗರಿ ಒಣಗಾಕತ್ತಿದ್ರೂ ನಿನ್ನ ಗಿಡಕ್ಕ ನೀರು ಹಾಕೇನಿ. ತಮ್ಮನ ಹೆಸರು ಚಲೋ ಆಗ್ಲಿ ಅಂತ ಹಾಕೇನಿ. ಈಗ ಹಕ್ಕಿ ಬರ್ಲಿಲ್ಲಂತ ಕಡೀತೀಯಾ? ಹಕ್ಕಿ ನಿನಗ ಬಂದು ಹೇಳ್ಯಾವೇನು?” ತಿರುಗಿ ನೋಡಿದ. “ಜನ ಅಂದದ್ದು ಖರೇನೇ ಅದ ಬಿಡು. ನೀ ಕೊಡ್ಲಿನೇ.”

ಊರೆಲ್ಲ ಅಂದಾಗ ಆಗದ ನೋವು ಶಿವಲಿಂಗಪ್ಪನಿಗೆ ಆಗ ಆಯಿತು. ಅವನು ಬಸ್ ಹಿಡಿದು ಕಲಬುರಗಿಗೆ ಬಂದ. ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು.

ಹಕ್ಕಿಗಳು ತಮ್ಮ ನಾಡಿಗೆ ಹೊರಟುಹೋದ ಮೇಲೆ, ಬೇಸಿಗೆಯಲ್ಲಿ, ಶಿವಲಿಂಗಪ್ಪ ಅಟ್ಟದ ಮೇಲಿನ ಹಳೆಯ ಕೊಡಲಿ ಇಳಿಸಿದ. ಮೊದಲ ಏಟು ಹಾಕಲು ಕೈ ಬರಲಿಲ್ಲ. ಇನಾಯತ್ ಪಕ್ಕದಲ್ಲಿ ನಿಂತು, “ಹಗ್ಗ ಹಿಡೀಲೇನು ಭಾಯ್?” ಎಂದು ಹಳೆಯ ಕಾಲದ ಹಾಗೆ ಕೇಳಿದ. ಇಬ್ಬರೂ ನಕ್ಕರು, ಏಟು ಬಿತ್ತು. ಸೊಪ್ಪು ಕುರಿಗಳಿಗಾಯಿತು. ನೆಟ್ಟಗಿನ ಕಂಬಗಳನ್ನು ಇನಾಯತ್ ಟೆಂಪೋದಲ್ಲಿ ಹೇರಿ ಕಮಲಾಪುರಕ್ಕೆ ಒಯ್ದ. ಕೆಂಬಾಳೆಯ ಗಿಡ ಎತ್ತರಕ್ಕೆ ಬೆಳೆಯುತ್ತದೆ, ಗೊನೆಯ ಭಾರಕ್ಕೆ ವಾಲದಂತೆ ಊರೆಗೋಲು ಬೇಕು. ಎಳೆಯ ಬೇವು ಹೊಂಗೆಗಳನ್ನು ಕಡಿಯಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಮಣ್ಣಿನ ಸಮೇತ ಅಗೆದು ಗೋಣಿಯಲ್ಲಿ ಕಟ್ಟಿ, ನೆರಳಿಲ್ಲದ ಬಸ್ ನಿಲ್ದಾಣಗಳಿಗೆ ಒಯ್ದು ನೆಟ್ಟರು. ಕೆಲವು ಸತ್ತವು, ಹೆಚ್ಚಿನವು ಹಿಡಿದುಕೊಂಡವು.

ಸುಬಾಬುಲ್ ಎಂಬುದು ಹಟಮಾರಿ ಜಾತಿ. ಕಡಿದ ಬುಡದಲ್ಲಿ ಮಳೆಗೆ ಮತ್ತೆ ಚಿಗುರಿತು. ಶಿವಲಿಂಗಪ್ಪ ಬೆಳಗಿನ ಬಸ್ಸಿಗೆ ಬಂದು ಬುಡ ಅಗೆದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಹಾದುಹೋಗುವವರು “ಏನ್ರಿ ಕೊಡ್ಲಿ, ಮತ್ತ ಡ್ಯೂಟಿ ಶುರು?” ಎಂದು ಕೆಣಕುತ್ತಿದ್ದರು. ಅವನು ಹಲ್ಲು ಕಚ್ಚಿ ಅಗೆಯುತ್ತಿದ್ದ. ಪಕ್ಕದ ಹೊಲದಲ್ಲಿ ದೇವೀಂದ್ರಪ್ಪ ಸಾಲುಗಳ ಕಳೆ ತೆಗೆಯುತ್ತ ಎಡೆ ಹೊಡೆಯುತ್ತಿದ್ದ. ಇಬ್ಬರ ನಡುವೆ ಒಂದು ಬದುವಷ್ಟೇ ಇದ್ದರೂ ಯಾರೂ ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಬಿಸಿಲಿಗೆ ಬವಳಿ ಬಂದಂತಾಗಿ ಕುಳಿತು ಏಳುವಾಗ, ಬದುವಿನ ಮೇಲೆ ನೀರಿನ ಕೊಡ ಕಂಡಿತು. ಇಟ್ಟವನು ದೂರದಲ್ಲಿ ಬೆನ್ನು ಮಾಡಿ ನಡೆಯುತ್ತಿದ್ದ. ಶಿವಲಿಂಗಪ್ಪ ಕುಡಿದು, ಕೊಡವನ್ನು ಬದುವಿನ ಮೇಲೆಯೇ ಇಟ್ಟ.

ಹುಲ್ಲು ಬಂತು. ಮೊದಲು ಅಲ್ಲಲ್ಲಿ ತೇಪೆಯಾಗಿ, ಆಮೇಲೆ ಏರಿನ ತುಂಬ. ದಸರೆಯ ಹೊತ್ತಿಗೆ ಬುರ್ಲಿ ಹಕ್ಕಿ ಕೂಗುವುದು ಕೇಳಿಸಿತು. ಆದರೆ ಚಳಿ ಶುರುವಾಗಿ ಎಷ್ಟು ಸಂಜೆ ಕಾದರೂ ಸೆಳೆವ ಬರಲಿಲ್ಲ. ಹೆದ್ದಾರಿಯ ಪಕ್ಕದ ನೆಲದಲ್ಲಿ ಮನೆಗಳ ಬುನಾದಿ ಎದ್ದಿತ್ತು. ಅಲ್ಲಿಯೂ ಅವು ಇರಲಿಲ್ಲ. ದಾರಿ ಮರೆತವೋ, ಬೇಸರವಾಗಿ ಬೇರೆ ಸೀಮೆಗೇ ಹೋದವೋ ಯಾರು ಹೇಳಬೇಕು? ಗಿಡವೂ ಹೋಯಿತು, ಹಕ್ಕಿಯೂ ಹೋಯಿತು, ಅಣ್ಣನೂ ಹೋದ ಎಂದು ಅವನು ಹೆಂಡತಿಯ ಮುಂದೆ ಬಾಯಿಬಿಟ್ಟು ಅಂದ.

ಎಳ್ಳಮವಾಸ್ಯೆ ಬಂತು. ಅಣ್ಣನಿಂದ ಕರೆ ಬಂದಿರಲಿಲ್ಲ. ಭುವನೇಶ್ವರಿ ಕೇಳಲಿಲ್ಲ, ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿ ಬುತ್ತಿ ಕಟ್ಟಿದಳು. “ಭೂಮಿತಾಯಿ ಹಬ್ಬಕ್ಕ ಯಾರ ಕರಿ ಬೇಕ್ರಿ? ನಡೀರಿ,” ಎಂದಳು. ಹೊಲಕ್ಕೆ ಹೋದರು. ದೇವೀಂದ್ರಪ್ಪ ನೋಡಿಯೂ ನೋಡದಂತೆ ಪೂಜೆ ಮುಗಿಸಿ, ಬುಟ್ಟಿ ಎತ್ತಿಕೊಂಡು ಜೋಳದ ಸಾಲಿಗೆ ಇಳಿದ.

“ಹುಲಿಗ್ಯೋ…” ಎಂದು ಕೂಗಿದ.

ಓಗೊಡುವವರಿಲ್ಲ. ಅವನು ಒಂದು ಹಿಡಿ ಎರಚಿ ನಿಂತ. “ಹುಲಿಗ್ಯೋ…” ಎಂದು ಇನ್ನೊಮ್ಮೆ ಕೂಗಿದ. ಹಿಂದೆ ತಿರುಗಲು ಮಾನ ಬಿಡಲಿಲ್ಲ. ಮುಂದೆ ಹೋಗಲು ಕಾಲು ಬರಲಿಲ್ಲ.

ಶಿವಲಿಂಗಪ್ಪ ಪೂಜೆಯ ಕಲ್ಲುಗಳ ಪಕ್ಕದಲ್ಲಿದ್ದ ತಂಬಿಗೆ ಎತ್ತಿಕೊಂಡ. “ಚಲ್ಲಂಬರಿಗ್ಯೋ…” ಎಂದು ಗಂಟಲು ಬಿಟ್ಟು ಕೂಗಿ, ಓಡಿ ಹೋಗಿ ಅಣ್ಣನ ಹಿಂದೆ ಸೇರಿಕೊಂಡ. ಅಣ್ಣ ತಿರುಗಿ ನೋಡಲಿಲ್ಲ. ಕೂಗು ಮಾತ್ರ ಜೋರಾಯಿತು. ಹೊಲ ಸುತ್ತಿ ಬದುವಿಗೆ ಬಂದಾಗ ಬುಟ್ಟಿಯಲ್ಲಿ ಕೊನೆಯ ಹಿಡಿ ಇತ್ತು. ದೇವೀಂದ್ರಪ್ಪ ಬುಟ್ಟಿಯನ್ನು ತಮ್ಮನ ಕಡೆ ಚಾಚಿದ. ಶಿವಲಿಂಗಪ್ಪ ಅದನ್ನು ಗಾಯರಾಣದ ಹುಲ್ಲಿಗೆ ಎರಚಿದ. ಇಬ್ಬರೂ ಬಂದು ಒಟ್ಟಿಗೆ ಊಟಕ್ಕೆ ಕುಳಿತರು. ಭುವನೇಶ್ವರಿ ಇಬ್ಬರ ತಟ್ಟೆಗೂ ಒಂದೊಂದು ಹೋಳಿಗೆ ಹೆಚ್ಚಿಗೆ ಹಾಕಿ ತುಪ್ಪ ಸುರಿದಳು.

ಸಂಜೆ ಎಲ್ಲರೂ ಗಂಟುಮೂಟೆ ಕಟ್ಟುವಾಗ ಶಿವಲಿಂಗಪ್ಪ ಬದುವಿನ ಕಡೆ ನಡೆದ. ಆಸೆ ಏನೂ ಇರಲಿಲ್ಲ. ಕಾಲು ರೂಢಿಯ ಮೇಲೆ ಹೋಯಿತು. ತಲೆಯ ಮೇಲೆ ಏನೋ ನೆರಳು ಹಾದಂತಾಯಿತು. ಮೇಲೆ ನೋಡಿದರೆ ಬೂದಿ ಬಣ್ಣದ ರೆಕ್ಕೆ, ತುದಿ ಕಪ್ಪು. ಅದು ಗಾಯರಾಣದ ಮೇಲೆ ಒಂದು ಸುತ್ತು ಹಾಕಿತು. ತೊಗರಿ ಹೊಲದ ಕಡೆಯಿಂದ ಎರಡು ಕಂದು ಹೆಣ್ಣುಗಳು ಬಂದವು. ಆಮೇಲೆ ಇನ್ನೂ ಬಂದವು. ಶಿವಲಿಂಗಪ್ಪ ಕೈ ಎರಡನ್ನೂ ತಲೆಯ ಮೇಲೆ ಇಟ್ಟುಕೊಂಡು, ಬಾಯಿ ತೆರೆದು, ಬದುವಿನ ಮೇಲೆ ಕಂಬದಂತೆ ನಿಂತುಬಿಟ್ಟ. ಒಂದು ಹಕ್ಕಿ ಇಳಿಯಲು ಕಾಲು ಚಾಚಿ, ಅವನನ್ನು ಕಂಡು ಬೆದರಿ ಮತ್ತೆ ಮೇಲೆದ್ದಿತು.

ಯಾರೋ ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದರು.

“ಏ ಕೊಡ್ಲಿ, ಕೆಳಗ ಕುಂಡ್ರೋ,” ಎಂದು ದೇವೀಂದ್ರಪ್ಪ ಪಿಸುಗುಟ್ಟಿದ. ಅವನು ಆಗಲೇ ಜೋಳದ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಮುಖದ ತುಂಬ ನಗು, ಕಣ್ಣ ತುಂಬ ನೀರು. “ನಿನ್ನ ನೋಡಿ ಬೆದರಾಕತ್ತಾವ. ಬರಾಕ ಬಿಡು ಅವನ್ನ.”

ಶಿವಲಿಂಗಪ್ಪ ಅಣ್ಣನ ಪಕ್ಕದಲ್ಲಿ ಕುಳಿತ. “ಹೂನಪ್ಪಾ,” ಎಂದ. ಹಕ್ಕಿಗಳು ಒಂದೊಂದಾಗಿ ಹುಲ್ಲಿಗೆ ಇಳಿದವು.